ಬೇನೆಯ ಸೂಜಿ

ಆ ಮಧ್ಯಾಹ್ನ ನಮ್ಮ ಪಡಸಾಲೆಯಲ್ಲಿ ಊಟಕ್ಕೆ ಕೂತವರು ಐದು ಜನ: ನಾನು, ನಮ್ಮ ಯಜಮಾನರು, ಏಳು ತಿಂಗಳು ತುಂಬಿದ ಬಸುರಿ ಮಗಳು, ಅವಳ ಗಂಡ, ಅವನ ತಾಯಿ. ಬೀಗತಿಯ ಲೆಕ್ಕದಲ್ಲಿ ಆರು. ಒಳಗಿರುವವರನ್ನು ಬಿಟ್ಟರೆ ಹೇಗೆ ಎಂದು ಆಕೆ ಮಗಳ ಎಲೆಗೆ ಇನ್ನೊಂದು ಹೋಳಿಗೆ ಹಾಕಿ, ಬೇಡವೆಂದು ಅಡ್ಡ ಹಿಡಿದ ಕೈಯ ಮೇಲೇ ತುಪ್ಪ ಹೊಯ್ದಿದ್ದರು.

ಹಿಂದಿನ ದಿನ ಅವರ ಊರಲ್ಲಿ, ಅಂಬ್ಲಿಗೊಳದ ಕಾಲುವೆ ಪಕ್ಕದ ಮನೆಯಲ್ಲಿ, ಕುಬುಸದ ಕಾರ್ಯ ಮುಗಿದಿತ್ತು. ಹಸಿರು ಬಳೆ ತೊಡಿಸಿ, ಉಡಿ ತುಂಬಿ, ಚೊಚ್ಚಲ ಹೆರಿಗೆಗೆ ಮಗಳನ್ನು ತವರಿಗೆ ಕರೆತರುವುದು ನಮ್ಮಲ್ಲಿ ನಡೆದುಬಂದ ಪದ್ಧತಿ. ಅಳಿಯನೂ ಬೀಗತಿಯೂ ಬಿಟ್ಟುಹೋಗಲು ಬಂದಿದ್ದರು. ಕರೆತಂದ ಕಾರು ಉಳಿದ ನೆಂಟರನ್ನು ತುಂಬಿಕೊಂಡು ಶಿಕಾರಿಪುರಕ್ಕೆ ವಾಪಸು ಹೋಗಿತ್ತು. ಸಂಜೆ ಇವರನ್ನು ಒಯ್ಯಲು ಮತ್ತೆ ಬರುವುದಿತ್ತು. ನಮ್ಮ ಊರು ಇರುವುದು ಸೊರಬದಿಂದ ಗುಡವಿ ಕೆರೆಗೆ ಹೋಗುವ ದಾರಿಯಲ್ಲಿ. ಹಕ್ಕಿ ನೋಡಲು ಬರುವವರ ಗಾಡಿಗಳು ನಮ್ಮ ಬಾಗಿಲ ಮುಂದೆಯೇ ಓಡಾಡುತ್ತವೆ. ಅವತ್ತು ಒಂದೂ ಬರಲಿಲ್ಲ.

ಸೊರಬಕ್ಕೂ ಶಿಕಾರಿಪುರಕ್ಕೂ ಇರುವ ದೂರ ಬಸ್ಸಿನಲ್ಲಿ ಒಂದು ನಿದ್ದೆಗೆ ಸಾಲದು. ಆದರೆ ಶಿರಾಳಕೊಪ್ಪ ದಾಟುತ್ತಿದ್ದಂತೆ ಮಾತು ಮಗ್ಗುಲು ಬದಲಿಸುತ್ತದೆ. ನಾನು ಮಾತು ಕಲಿತದ್ದು ನಮ್ಮಜ್ಜಿಯಿಂದ. ಅವಳ ಬಾಯಲ್ಲಿ ತಲೆಗೆ ಸಿಡಿತ, ಹಲ್ಲಿಗೆ ಸೆಳೆತ, ಸೊಂಟಕ್ಕೆ ಉಳುಕು, ಹೊಟ್ಟೆಗೆ ಮುರಿತ. ಬೇನೆ ಎಂಬ ಮಾತನ್ನು ಮಾತ್ರ ಆಕೆ ಹೆರುವ ಹೆಂಗಸಿಗೆಂದೇ ತೆಗೆದಿಟ್ಟಿದ್ದಳು. ಗಂಡಸರು ಕೂತಿದ್ದರೆ ಅದನ್ನೂ ಆಡುತ್ತಿರಲಿಲ್ಲ, ಕಣ್ಣು ಹಾರಿಸಿ ತಿಳಿಸುತ್ತಿದ್ದಳು. ಅಳಿಯನ ಊರ ಕಡೆ ಆ ಬಿಗುಮಾನವಿಲ್ಲ. ಅಲ್ಲಿ ಹಲ್ಲಿಗೂ ಬ್ಯಾನಿ, ಹೊಟ್ಟೆಗೂ ಬ್ಯಾನಿ, ಕುಂಟುವ ಎತ್ತಿಗೂ ಬ್ಯಾನಿಯೇ. ಮದುವೆಯಾದ ಹೊಸದರಲ್ಲಿ ಅಳಿಯ ಫೋನು ಮಾಡಿ ನಿಮ್ಮ ಮಗಳಿಗೆ ರಾತ್ರಿಯಿಂದ ಬ್ಯಾನಿ ಎಂದಾಗ ನಾನು ಕೂತಲ್ಲೇ ಕುಸಿದಿದ್ದೆ. ಮದುವೆಯಾಗಿ ತಿಂಗಳಾಗಿರಲಿಲ್ಲ. ವಿಚಾರಿಸಿದರೆ ದವಡೆ ಹಲ್ಲು. ಆಮೇಲೆ ಎರಡೂ ಮನೆಯವರು ಸೇರಿದಾಗಲೆಲ್ಲ ಅದನ್ನು ಹೇಳಿ ನಗುವುದಿತ್ತು.

ಊಟ ಮುಗಿಸಿ ಕೈತೊಳೆಯಲು ಎದ್ದ ಮಗಳು ಬಚ್ಚಲಿನ ಬಾಗಿಲ ಚೌಕಟ್ಟು ಹಿಡಿದು ನಿಂತಳು. ತುಟಿ ಬಿಳಿಚಿಕೊಂಡಿತ್ತು. ಹೊಟ್ಟೆ ಬಿಗಿಯುತ್ತದೆ, ಸೊಂಟದಿಂದ ಸುತ್ತಿಕೊಂಡು ಬರುತ್ತದೆ ಎಂದಳು. ಹೋಳಿಗೆ ಹೆಚ್ಚಾಗಿ ವಾಯು ಆಗಿದೆ ಎಂದು ಬೀಗತಿ ಓಂಕಾಳು ಹುಡುಕಲು ಹೋದರು. ನಾನು ಕೈಯಿಟ್ಟು ನೋಡಿದೆ. ಕಲ್ಲಿನ ಗುಂಡು ಮುಟ್ಟಿದಂತಿತ್ತು. ಸ್ವಲ್ಪ ಹೊತ್ತಿಗೆ ಅಂಗೈಯ ಕೆಳಗೇ ಮೆತ್ತಗಾಯಿತು. ಅವಳು ಉಸಿರು ಬಿಟ್ಟಳು. ಗೋಡೆಗೆ ಒರಗಿ ಕೂತವಳು ಮತ್ತೆ ಅದೇ ಮುಖ ಮಾಡಿದಳು. ಮತ್ತೆ ಕಲ್ಲು.

ವಾಯುವಲ್ಲ ಎಂದು ನಾನು ಕಣ್ಣು ಹಾರಿಸಿಯೇ ಯಜಮಾನರಿಗೆ ತಿಳಿಸಿದೆ. ಇನ್ನೂ ಏಳು ತಿಂಗಳು. ಈಗ ಹುಟ್ಟಿದರೆ ಕೂಸು ಉಳಿಯುವುದು ಯಾರ ಕೈಯಲ್ಲಿತ್ತು? ಯಜಮಾನರು ಬೈಕು ಹತ್ತಿ ಶುಂಠಿ ಸಾಗಿಸುವ ಲಗೇಜು ಗಾಡಿಯವನನ್ನು ಎಬ್ಬಿಸಲು ಕೆಳಗಿನ ಕೇರಿಗೆ ಹೋದರು. ಅಳಿಯ ಜಗಲಿಯಲ್ಲಿ ಆಂಬುಲೆನ್ಸಿಗೆ ಫೋನು ಹಚ್ಚಿದ. ಅದು ಬೇರೆ ರೋಗಿಯನ್ನು ಹಾಕಿಕೊಂಡು ಸಾಗರದ ಕಡೆ ಹೋಗಿದೆ, ಬರುತ್ತದೆ, ಕಾಯಿರಿ ಎಂದರಂತೆ. ನಾನು ಅವಳ ಸೊಂಟಕ್ಕೆ ಶಾಖ ಕೊಡೋಣವೆಂದು ಹಂಡೆಯ ಬಿಸಿನೀರು ತರಲು ಹಿತ್ತಿಲ ಕಡೆ ಹೋದೆ.

ಅಷ್ಟರಲ್ಲಿ ಪಕ್ಕದ ಮನೆಯಿಂದ ಸೂಜಿ ಹಾಕುವವನು ಹೊರಬಿದ್ದ. ಹಳ್ಳಿಹಳ್ಳಿ ಸುತ್ತಿ, ಕೇಳಿದವರಿಗೆ ಇಂಜೆಕ್ಷನ್ ಚುಚ್ಚಿ ಹೋಗುವ ಮನುಷ್ಯ. ಯಾವ ಓದೂ ಇರಲಿಲ್ಲ. ದನಕ್ಕೂ ಅವನೇ, ಜನಕ್ಕೂ ಅವನೇ. ಅವತ್ತು ಪಕ್ಕದವರ ಎಮ್ಮೆ ಕರು ಹಾಕಿ ಸತ್ತೆ ಬಿದ್ದಿರಲಿಲ್ಲ. ಕರುವಿನ ಹಿಂದೆ ಬೀಳಬೇಕಾದ ಮಾಸು ಒಳಗೇ ಉಳಿದರೆ ಎಮ್ಮೆ ಸಾಯುತ್ತದೆ. ಅದನ್ನು ಬೀಳಿಸಲು ಗರ್ಭಕೋಶ ಹಿಂಡುವ ಒಂದು ಮದ್ದಿದೆ. ಅದನ್ನು ಚುಚ್ಚಿ, ರೆಕ್ಸಿನ್ ಚೀಲ ಹೆಗಲಿಗೇರಿಸಿ ಹೊರಟಿದ್ದ.

ಅಳಿಯ ಅವನನ್ನು ಕೂಗಿ ಕರೆದದ್ದನ್ನು ನಾನು ಕೇಳಲಿಲ್ಲ. ಆಮೇಲೆ ಅಳಿಯನೇ ಹೇಳಿದ್ದು. ಅವನು ಆಡಿದ ಮಾತು ಇಷ್ಟು:

"ನಮ್ಮ ಮನಿಯಾಕಿಗೆ ಬ್ಯಾನಿ ಆಗೇತ್ರಿ. ಗಾಡಿ ಬರೋ ಮಟ ಒಂದು ಬ್ಯಾನಿ ಸೂಜಿ ಹಾಕಿಬಿಡ್ರಿ."

ನೋವು ತಡೆಯುವ ಸೂಜಿ ಎಂದು ಅವನ ಅರ್ಥ. ಶಿಕಾರಿಪುರದ ಯಾವ ಔಷಧಿ ಅಂಗಡಿಯಲ್ಲಿ ಹಾಗೆಂದರೂ ನೋವಿನ ಗುಳಿಗೆ ಕೊಡುತ್ತಾರೆ. ಆದರೆ ಕೇಳಿಸಿಕೊಂಡವನು ಸೊರಬದವನು. ಅವನ ಕಿವಿಗೆ ಬಿದ್ದದ್ದು ಬೇನೆಯ ಸೂಜಿ, ಬೇನೆ ತರುವ ಸೂಜಿ. ಒಳಗೆ ಬಂದು ನೋಡಿದ. ಮಗಳ ಮೈ ಮೊದಲಿಂದ ದೊಡ್ಡದು, ಹೊಟ್ಟೆಯೂ ದೊಡ್ಡದಿತ್ತು. ಕೈತುಂಬ ಹಸಿರು ಬಳೆ. ಬಿಟ್ಟು ಬಿಟ್ಟು ಬರುತ್ತದಾ ಎಂದು ಕೇಳಿದ. ಬೀಗತಿ ಹೌದೆಂದರು. ತಿಂಗಳೆಷ್ಟು ಎಂದು ಕೇಳಲಿಲ್ಲ. ಎಮ್ಮೆಗೆ ಚುಚ್ಚಿ ಬಂದ ಮದ್ದಿನದೇ ಇನ್ನೊಂದು ಸಣ್ಣ ಬಾಟಲಿ ತೆಗೆದು, ಸಿರಿಂಜಿಗೆ ಎಳೆದು, ಅವಳ ತೋಳಿಗೆ ಹಾಕಿದ.

ನಾನು ಬಿಸಿನೀರಿನ ಪಾತ್ರೆ ಹಿಡಿದು ಬಂದಾಗ ಅವನು ಹತ್ತಿ ಒತ್ತುತ್ತಿದ್ದ. ಏನು ಹಾಕಿದೆ ಎಂದು ಕೇಳಿದೆ.

"ಬೇನೆ ಸೂಜಿ ಅಲ್ದಾ ಅಮ್ಮಾ. ಇನ್ನೊಂದು ಗಳಿಗೆ, ಹೆರಿಗೆ ಆಗೇ ಬಿಡ್ತದೆ. ನೀರು ಕಾಸಿದ್ದು ಚಲೋ ಆತು."

ಆ ನೀರನ್ನು ಅವನ ಕಾಲ ಮೇಲೆ ನಾನು ಸುರಿದೆನೋ, ಕೈ ಸಡಿಲಾಗಿ ಅದೇ ಸುರಿಯಿತೋ, ಇವತ್ತಿಗೂ ಹೇಳಲಾರೆ. ಅವನು ಕುಣಿದು ಹಿಂದಕ್ಕೆ ಹಾರಿದ. ನನಗೂ ಮದ್ದಿನ ಬಗ್ಗೆ ಏನೂ ತಿಳಿಯದು. ಏಳು ತಿಂಗಳಿಗೆ ಬೇನೆ ಎಬ್ಬಿಸಿದ್ದಾನೆ ಎಂಬುದಷ್ಟು ತಿಳಿಯಿತು.

ಮದ್ದು ರಕ್ತಕ್ಕೆ ಇಳಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಅದುವರೆಗೆ ಬರುತ್ತ ಹೋಗುತ್ತ ಇದ್ದದ್ದು ಬಂತು, ಹೋಗಲಿಲ್ಲ. ನಾನು ಮೂರು ಹೆತ್ತವಳು, ಇನ್ನೊಬ್ಬರ ಹೆರಿಗೆಗೆ ಕೂತವಳು. ಬೇನೆಯೆಂದರೆ ಅಲೆ, ಏರುತ್ತದೆ, ಇಳಿಯುತ್ತದೆ, ಇಳಿದಾಗ ಹೆಂಗಸು ಒಂದು ಗುಟುಕು ನೀರು ಕುಡಿಯುತ್ತಾಳೆ, ಗಂಡನನ್ನು ಬೈಯುತ್ತಾಳೆ. ಇದು ಅಲೆಯಲ್ಲ. ಅವಳ ಹೊಟ್ಟೆ ಒಂದು ಪಕ್ಕಕ್ಕೆ ಎದ್ದು, ಚೂಪಾಗಿ, ಹಾಗೇ ನಿಂತಿತು. ಅಂಗೈಯಿಟ್ಟರೆ ಚರ್ಮದ ಕೆಳಗೆ ಮರದ ಕೊರಡು. ಅವಳು ಕೂಗಿದ್ದು ನನ್ನ ಮಗಳ ದನಿಯಾಗಿರಲಿಲ್ಲ. ಒದ್ದಳು. ಹಿಡಿಯಲು ಬಂದ ಅತ್ತೆಯ ಎದೆಗೆ ಒದೆ ಬಿತ್ತು, ಬೀಗತಿ ಕಂಬಕ್ಕೆ ಹೋಗಿ ಬಡಿದರು. ಚಾಪೆಯ ಅಂಚನ್ನು ಉಗುರಿನಿಂದ ಹರಿದಳು. ಬಳೆಗಳು ನೆಲಕ್ಕೆ ಬಡಿದು ಒಡೆದವು, ಒಡೆದ ಚೂರಿನ ಮೇಲೇ ಮಣಿಕಟ್ಟನ್ನು ಮತ್ತೆ ಮತ್ತೆ ಬಡಿದಳು. ನಾನು ತೋಳು ಕೊಟ್ಟೆ, ಕಚ್ಚಿದಳು. ಆ ಗುರುತು ಈಗಲೂ ಇದೆ, ಕೋರೆಹಲ್ಲುಗಳದು ಆಳ.

ಆಗ ಗಾಡಿಯ ಸದ್ದಾಯಿತು. ಯಜಮಾನರು ಮೆಟ್ಟಿಲು ಹತ್ತುತ್ತಲೇ ಕೂಗು ಕೇಳಿ ನಿಂತರು. ಸುಟ್ಟ ಕಾಲು ಹಿಡಿದು ಜಗಲಿಯಲ್ಲಿ ಕೂತಿದ್ದವನನ್ನು ನೋಡಿದರು, ಚೀಲ ನೋಡಿದರು, ನನ್ನ ಮುಖ ನೋಡಿದರು. ಹೆರಿಗೆ ಸೂಜಿ ಚುಚ್ಚಿದ್ದಾನೆ ಎಂದೆ. ಅಷ್ಟೇ ಹೇಳಿದ್ದು.

ನಮ್ಮವರು ಪಂಚಾಯ್ತಿಯ ನೀರುಗಂಟಿ. ಊರಿನ ಪೈಪುಗಳ ತುಕ್ಕು ಹಿಡಿದ ವಾಲ್ವುಗಳನ್ನು ತಿರುಗಿಸಿ ತಿರುಗಿಸಿ ಕೈಯೆರಡೂ ಕಬ್ಬಿಣವಾಗಿವೆ. ಆ ಕೈಯಿಂದ ಮೊದಲ ಏಟು ಅವನ ಬಾಯಿಗೆ ಬಿತ್ತು. ಹಲ್ಲು ಮುರಿದ ಸದ್ದು ಒಳಗಿದ್ದ ನನಗೆ ಕೇಳಿಸಿತು, ಒಣ ಅವರೆಕೋಡು ಒಡೆದ ಹಾಗೆ. ಅವನು ಬಿದ್ದ. ಕೊರಳಪಟ್ಟಿ ಹಿಡಿದು ಎತ್ತಿ ಮತ್ತೆ ಹೊಡೆದರು. ಅವನು ಬಾಯಿಯಲ್ಲಿ ರಕ್ತ ತುಂಬಿಕೊಂಡು, ನೀವೇ ಕೇಳಿದ್ದಲ್ಲವಾ, ನೀವೇ ಬೇನೆ ಸೂಜಿ ಅಂದಿರಲ್ಲ ಎನ್ನುತ್ತಿದ್ದ. ಬೈಕಿನ ಡಿಕ್ಕಿಯಲ್ಲಿದ್ದ ಪೈಪು ತಿರುಗಿಸುವ ಕಬ್ಬಿಣದ ಪಾನ ಯಾವಾಗ ಅವರ ಕೈಗೆ ಬಂತೋ. ಭುಜಕ್ಕೆ ಒಂದು, ಅಡ್ಡ ಹಿಡಿದ ಮೊಣಕೈಗೆ ಒಂದು, ದವಡೆಗೆ ಒಂದು. ಅಳಿಯ ಹಿಂದಿನಿಂದ ತಬ್ಬಿ ಹಿಡಿದ.

"ಮಾವ, ನಾನ ಹೇಳಿದ್ದು. ಬ್ಯಾನಿ ಸೂಜಿ ಹಾಕ್ರಿ ಅಂತ ನಾನ ಅಂದೆ."

ಯಜಮಾನರು ತಿರುಗಿದರು. ಅಳಿಯನ ಮೂಗಿನ ಮೇಲೆ ಮೊಣಕೈ ಇಳಿಯಿತು. ಅವನೂ ಶಿಕಾರಿಪುರದ ಗಂಡು, ಮೆಕ್ಕೆಜೋಳದ ಚೀಲ ಹೊತ್ತ ಮೈ. ರಕ್ತ ಒರೆಸಿಕೊಂಡು ಮಾವನ ಹೊಟ್ಟೆಗೆ ತಲೆಯಿಂದ ಗುದ್ದಿದ. ಇಬ್ಬರೂ ಜಗಲಿಯಿಂದ ಅಂಗಳಕ್ಕೆ ಉರುಳಿದರು. ಸೂಜಿಯವನು ಅವರಿಬ್ಬರ ಕಾಲ ಕೆಳಗೆ ತೆವಳುತ್ತಿದ್ದ. ಕೇರಿಯವರು ಬೇಲಿಯಾಚೆ ನಿಂತು ನೋಡುತ್ತಿದ್ದರು. ಪಡಸಾಲೆಯ ಬಾಗಿಲು ಪೂರಾ ತೆರೆದಿತ್ತು. ಚಾಪೆಯ ಮೇಲೆ ಒದ್ದಾಡುತ್ತಿದ್ದ ಮಗಳ ಮುಖ ಬಾಗಿಲ ಕಡೆಗೇ ಇತ್ತು. ಅಪ್ಪ ಬಿಡು, ಅಪ್ಪ ಬಿಡು ಎಂದು ಅವಳು ಅಂದದ್ದು ನಡುನಡುವೆ ಕೇಳಿಸುತ್ತಿತ್ತು. ಅವರಿಗೆ ಕೇಳಿಸಲಿಲ್ಲ.

ಬೀಗತಿ ಎದೆ ಒತ್ತಿಕೊಂಡೇ ಎದ್ದು ಹೋಗಿ ಆ ರೆಕ್ಸಿನ್ ಚೀಲವನ್ನು ನೆಲದ ಮೇಲೆ ಬೋರಲು ಹಾಕಿದರು. ಬಾಟಲಿಗಳನ್ನು ಅಂಗಳಕ್ಕೆ ಒಯ್ದು, ಸೂಜಿಯವನ ಮುಂದೆ ಹಿಡಿದು ಯಾವುದು ಎಂದು ಕೇಳಿ, ಅವನು ಬೆರಳು ತೋರಿಸಿದ ಖಾಲಿ ಬಾಟಲಿಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡರು. ಆಮೇಲೆ ಯಜಮಾನರ ಮುಂದೆ ಹೋಗಿ ನಿಂತರು.

"ಬೀಗ್ರೆ, ಹೊಡಿಯೋದು ಆಮ್ಯಾಲೆ ಹೊಡೀರಂತ. ಮದ್ಲು ಹುಡುಗೀನ ಎತ್ರಿ."

ಎತ್ತಿದರು. ಒಬ್ಬರ ಮೂಗಿನಿಂದ, ಇನ್ನೊಬ್ಬರ ಹುಬ್ಬಿನಿಂದ ರಕ್ತ ತೊಟ್ಟಿಕ್ಕುತ್ತಿತ್ತು. ಮಾವ ಅಳಿಯ ಇಬ್ಬರೂ ಒಂದೊಂದು ಕಡೆ ಚಾಪೆ ಹಿಡಿದು ಅವಳನ್ನು ಲಗೇಜು ಗಾಡಿಯ ಹಿಂದೆ ಗೋಣಿಚೀಲಗಳ ಮೇಲೆ ಮಲಗಿಸಿದರು. ಶುಂಠಿಯ ಮಣ್ಣು ವಾಸನೆ, ಅದರ ಮೇಲೆ ರಕ್ತದ ವಾಸನೆ. ಸೊರಬದವರೆಗೂ ಗಾಡಿಯವನು ಹಾರ್ನಿನ ಮೇಲಿಟ್ಟ ಕೈ ತೆಗೆಯಲಿಲ್ಲ. ಗುಂಡಿ ಬಿದ್ದಾಗಲೆಲ್ಲ ಅವಳ ತಲೆ ನನ್ನ ಗಲ್ಲಕ್ಕೆ ಬಡಿಯುತ್ತಿತ್ತು. ನಾನು ಹೊಟ್ಟೆಯ ಮೇಲಿಟ್ಟ ಕೈ ತೆಗೆಯಲಿಲ್ಲ. ಒಳಗಿನ ಒದೆತ ಊಟಕ್ಕೆ ಕೂತಾಗ ಜೋರಾಗಿತ್ತು, ಸೆರಗು ಅಲುಗುವಷ್ಟು. ಈಗ ಏನೂ ಇರಲಿಲ್ಲ.

ಸೊರಬದ ಆಸ್ಪತ್ರೆಯಲ್ಲಿ ಇದ್ದವರು ಚಿಕ್ಕ ವಯಸ್ಸಿನ ಲೇಡಿ ಡಾಕ್ಟರು. ಬೀಗತಿ ಸೆರಗು ಬಿಚ್ಚಿ ಬಾಟಲಿ ಕೊಟ್ಟರು. ಡಾಕ್ಟರು ಅದನ್ನು ನೋಡಿದವರೇ ಹೊಟ್ಟೆಯ ಮೇಲೆ ಕೈಯಿಟ್ಟು, ಕೈ ತೆಗೆಯದೆ, ಮಗಳನ್ನು ಎಡಮಗ್ಗುಲಿಗೆ ಹೊರಳಿಸಲು ಹೇಳಿದರು. ಮೂಗಿಗೆ ಆಮ್ಲಜನಕ ಹಾಕಿಸಿದರು. ಟಾರ್ಚಿನಷ್ಟು ದಪ್ಪದ ಒಂದು ಯಂತ್ರವನ್ನು ಹೊಟ್ಟೆಗೆ ಒತ್ತಿದರು. ಕೂಸಿನ ಎದೆಬಡಿತ ಕೋಣೆಗೆಲ್ಲ ಕೇಳಿಸಿತು. ಕರೆಂಟು ಹೋದ ಮೇಲೆ ಗಿರಣಿಯ ಬೆಲ್ಟು ನಿಧಾನವಾಗುವುದಿಲ್ಲವೇ, ಹಾಗೆ. ಒಂದು ಬಡಿತ ಬಂದು, ಇನ್ನೊಂದು ಬರುತ್ತದೋ ಇಲ್ಲವೋ ಎಂದು ಕಾಯುವ ಹಾಗೆ.

ಡಾಕ್ಟರು ನನಗೆ ಹೇಳಿದ್ದು ನನ್ನ ಮಾತಿನಲ್ಲಿ ಹೇಳುತ್ತೇನೆ. ಗರ್ಭಕೋಶ ಎಂದರೆ ಮಾಂಸದ ಚೀಲ, ಮುಷ್ಟಿಯಂತೆ ಹಿಡಿಯುತ್ತದೆ, ಬಿಡುತ್ತದೆ. ಬಿಟ್ಟಾಗ ಮಾತ್ರ ತಾಯಿಯ ರಕ್ತ ಮಗುವಿಗೆ ಸರಿಯಾಗಿ ಹರಿಯುವುದು. ಈ ಮದ್ದನ್ನು ದಿನ ತುಂಬಿದವರಿಗೂ ಆಸ್ಪತ್ರೆಯಲ್ಲೇ, ಗ್ಲೂಕೋಸಿನ ಜೊತೆ ತೊಟ್ಟು ತೊಟ್ಟಾಗಿ, ಪಕ್ಕದಲ್ಲಿ ಕೂತು ನೋಡಿಕೊಂಡು ಕೊಡುತ್ತಾರೆ. ಹೆಚ್ಚಾದರೆ ತೊಟ್ಟು ನಿಲ್ಲಿಸಬಹುದು. ತೋಳಿಗೆ ಒಮ್ಮೆಲೇ ಚುಚ್ಚಿದ್ದನ್ನು ಹೊರಗೆ ತೆಗೆಯುವುದು ಯಾರಿಂದಲೂ ಆಗದು. ಮುಷ್ಟಿ ಬಿಡುತ್ತಿಲ್ಲ, ಕೂಸು ಒಳಗೆ ಉಸಿರುಗಟ್ಟುತ್ತಿದೆ, ಹೀಗೇ ಹಿಂಡಿದರೆ ಚೀಲವೇ ಹರಿಯಬಹುದು. ಮುಷ್ಟಿ ಬಿಡಿಸುವ ಮದ್ದು ಬೇರೆ ಇದೆ, ಅದನ್ನು ಈಗಲೇ ಹಾಕಬೇಕು ಎಂದು ಸೂಜಿ ಎತ್ತಿದರು.

ಯಜಮಾನರು ಒಳಗೆ ನುಗ್ಗಿ ಡಾಕ್ಟರ ಮಣಿಕಟ್ಟು ಹಿಡಿದರು.

"ಇನ್ನೊಂದು ಸೂಜಿ ನನ್ನ ಮಗಳ ಮೈ ಮುಟ್ಟಬಾರ್ದು. ಮುಟ್ಸಿದ್ರೆ ನಿಮ್ಮನ್ನ ಇಲ್ಲೇ ಮುಗಿಸ್ತೀನಿ."

ನರ್ಸು ಬಿಡಿಸಲು ಬಂದಳು, ಅವಳನ್ನು ತಳ್ಳಿದರು. ಮದ್ದಿನ ತಟ್ಟೆ ಉರುಳಿತು, ಕತ್ತರಿ ಚಿಮಟಗಳು ನೆಲದ ಮೇಲೆ ಚೆಲ್ಲಾಪಿಲ್ಲಿಯಾದವು. ಡಾಕ್ಟರ ಬೆರಳುಗಳು ನೀಲಿಗಟ್ಟುತ್ತಿದ್ದವು, ಸೂಜಿ ಮಾತ್ರ ಅವರು ಬಿಟ್ಟಿರಲಿಲ್ಲ. ಇದು ಅದಲ್ಲ, ಅದರ ವಿರುದ್ಧದ್ದು ಎಂದು ಅವರು ಸಮಾಧಾನವಾಗಿಯೇ ಹೇಳುತ್ತಿದ್ದರು. ಯಾವುದು ಬಿಗಿಯುವುದು, ಯಾವುದು ಬಿಡಿಸುವುದು ಎಂದು ಕೇಳುವ ಸ್ಥಿತಿಯಲ್ಲಿ ಆ ಮನುಷ್ಯ ಇರಲಿಲ್ಲ. ಸೂಜಿ ಎಂದರೆ ಸೂಜಿ. ಅಳಿಯ ಬಾಗಿಲಲ್ಲಿ ಮೂಗು ಹಿಡಿದು ನಿಂತಿದ್ದ. ಯಂತ್ರದಲ್ಲಿ ಬಡಿತದ ಸದ್ದು ಇನ್ನೂ ನಿಧಾನವಾಯಿತು.

ನಾನು ಮದುವೆಯಾಗಿ ಬಂದಾಗಿನಿಂದ ಅವರಿಗೆ ಎದುರು ನಿಂತು ಮಾತಾಡಿದವಳಲ್ಲ. ನೆಲದ ಮೇಲೆ ಬಿದ್ದಿದ್ದ ಸ್ಟೀಲಿನ ತಟ್ಟೆ ಎತ್ತಿದೆ. ಅಂಚು ಮುಂದಾಗಿ ಅವರ ಕಿವಿಯ ಮೇಲೆ ಹೊಡೆದೆ. ಬಿಡಲಿಲ್ಲ. ಮತ್ತೆ ಹೊಡೆದೆ. ಕಿವಿ ಹರಿಯಿತು. ಕೂದಲು ಹಿಡಿದು ಜಗ್ಗಿದೆ. ಬೀಗತಿ ಹಿಂದಿನಿಂದ ಬಂದು ಅವರ ಬೆರಳುಗಳನ್ನು ಒಂದೊಂದಾಗಿ ಹಿಂದಕ್ಕೆ ಮಡಚಿದರು, ಕಿರುಬೆರಳು ಲಟ್ ಎಂದಿತು. ಕೈ ಬಿಟ್ಟಿತು. ಅವರು ಗೋಡೆಗೆ ಒರಗಿ ಜಾರಿ ಕೂತರು, ನಾನು ಅವರ ಎದೆಗೆ ಮೊಣಕಾಲು ಊರಿ ನಿಂತೆ.

"ಹಾಕಿ ಡಾಕ್ಟ್ರೆ. ಇವ್ರು ಎದ್ರೆ ನಾನು ನೋಡ್ಕಳ್ತೀನಿ."

ಹಾಕಿದರು. ಚರ್ಮದ ಕೆಳಗೆ, ಸಣ್ಣ ಸೂಜಿ. ಎದೆ ಹೊಡೆದುಕೊಳ್ಳುತ್ತದೆ, ಕೈ ನಡುಗುತ್ತದೆ, ಅದು ಮದ್ದಿನ ಗುಣ, ಹೆದರಬೇಡ ಎಂದು ಮಗಳಿಗೆ ಮೊದಲೇ ಹೇಳಿದರು. ಹಾಗೇ ಆಯಿತು. ಅವಳ ಕೊರಳಿನ ನರ ಕಣ್ಣಿಗೆ ಕಾಣುವಂತೆ ಹಾರತೊಡಗಿತು. ಕೈಕಾಲು ಚಳಿಜ್ವರದಂತೆ ನಡುಗಿದವು. ಹೃದಯ ಬಾಯಿಗೆ ಬರುತ್ತದೆ ಎಂದು ಅತ್ತಳು. ಒಂದು ಮದ್ದು ಕೆಳಗಿನಿಂದ ಹಿಂಡುತ್ತಿತ್ತು, ಇನ್ನೊಂದು ಎದೆಯನ್ನು ಕುಟ್ಟುತ್ತಿತ್ತು. ಆ ನಡುವೆ ಮೈಯೆಂಬುದು ಇಬ್ಬರು ಜಗ್ಗಾಡುವ ಬಟ್ಟೆಯಾಗಿತ್ತು. ಎಷ್ಟು ಹೊತ್ತೋ. ಡಾಕ್ಟರು ನನ್ನನ್ನು ಕರೆದು ಕೈಯಿಡಲು ಹೇಳಿದರು. ಇಟ್ಟೆ. ಕೊರಡಿನ ಚೂಪು ಮೆಲ್ಲಗೆ ಕುಗ್ಗುತ್ತಿತ್ತು. ಅಂಗೈ ಸ್ವಲ್ಪ ಒಳಗೆ ಇಳಿಯಿತು, ಇನ್ನಷ್ಟು ಇಳಿಯಿತು. ಯಂತ್ರದ ಸದ್ದು ಒಮ್ಮೆ ಮುಗ್ಗರಿಸಿ, ಆಮೇಲೆ ಓಡಲು ಹಿಡಿಯಿತು. ನನ್ನ ಕೈಯ ಕೆಳಗೆ ಒಳಗಿನದು ಒದೆಯಿತು. ಬೀಗತಿ ನೆಲದ ಮೇಲೆ ಕಾಲು ಚಾಚಿ ಕೂತು ಬಾಯಿಗೆ ಸೆರಗು ತುರುಕಿಕೊಂಡರು.

ಕಮ್ಮಿ ದಿನಕ್ಕೆ ಹುಟ್ಟಿದ ಕೂಸುಗಳನ್ನು ನೋಡಿಕೊಳ್ಳುವ ಏರ್ಪಾಡು ಇರುವಲ್ಲಿಗೆ ಹೋಗಬೇಕು ಎಂದು ಆಂಬುಲೆನ್ಸಿನಲ್ಲಿ ಶಿಕಾರಿಪುರಕ್ಕೆ ಕಳಿಸಿದರು. ಹೋಗುವ ಮುಂಚೆ ಕೂಸಿನ ಪುಪ್ಪುಸ ಬಲಿಯಲಿ ಎಂದು ಬೇರೆ ಸೂಜಿ ಹಾಕಿದರು. ಅದಕ್ಕೆ ಯಾರೂ ತಕರಾರು ತೆಗೆಯಲಿಲ್ಲ. ಮಣಿಕಟ್ಟಿನ ಮೇಲೆ ನಾಲ್ಕು ಬೆರಳಿನ ಬರೆ ಎದ್ದಿದ್ದ ಆ ಡಾಕ್ಟರೇ ಯಜಮಾನರ ಕಿವಿಗೆ ಹೊಲಿಗೆ ಹಾಕಿದರು. ಅಲುಗಿದರೆ ಕಿವಿ ಸೊಟ್ಟಗೆ ಕೂರುತ್ತದೆ ಎಂದಷ್ಟೇ ಹೇಳಿದರು.

ಶಿಕಾರಿಪುರದಲ್ಲಿ ಬೇನೆ ತಡೆಯಲು ಗುಳಿಗೆ ಕೊಟ್ಟರು. ಅದು ರಕ್ತದೊತ್ತಡಕ್ಕೆ ಕೊಡುವ ಗುಳಿಗೆಯೇ, ನರ ಸಡಿಲಿಸುವಂತೆ ಗರ್ಭಕೋಶವನ್ನೂ ಸಡಿಲಿಸುತ್ತದೆ ಎಂದು ಅಲ್ಲಿಯವರು ಹೇಳಿದರು. ಹಾಗಿದ್ದರೆ ಬೀಗರಿಗೂ ಒಂದು ನುಂಗಿಸಿ, ಒಳಗಿನ ಗಂಟು ಬಿಚ್ಚಿಕೊಳ್ಳಲಿ ಎಂದು ಬೀಗತಿ ಅಂದರು. ನಗು ಬಂತು. ಮಗಳು ನಗಲಿಲ್ಲ. ಅವಳು ಮಲಗಿದಲ್ಲಿಂದ ಬಾಗಿಲನ್ನೇ ನೋಡುತ್ತಿದ್ದಳು. ಗಂಡ ಬಂದರೆ ಕೈ ಚಾಚುತ್ತಿದ್ದಳು. ಅಪ್ಪನ ಹೆಜ್ಜೆ ಕೇಳಿಸಿದರೆ ಎರಡೂ ಕೈಯನ್ನು ಹೊಟ್ಟೆಯ ಮೇಲೆ ಅಡ್ಡ ಇಡುತ್ತಿದ್ದಳು. ನೋಡಿದ ನರ್ಸು ಮತ್ತೆ ಬೇನೆಯಾ ಎಂದು ಕೇಳುತ್ತಿದ್ದಳು. ಅಲ್ಲವೆಂದು ತಲೆಯಾಡಿಸುತ್ತಿದ್ದಳು.

ಪೊಲೀಸರು ಆಸ್ಪತ್ರೆಯ ಅಂಗಳಕ್ಕೇ ಬಂದು ಯಜಮಾನರನ್ನು ಕರೆದೊಯ್ದರು. ಸೂಜಿಯವನ ದವಡೆ ಎರಡು ಕಡೆ ಮುರಿದಿತ್ತು, ಮೊಣಕೈ ಸರಿಯಾಗುವುದಿಲ್ಲವೆಂದರು. ಅವನ ಮೇಲೂ ಕೇಸು ಆಯಿತು, ಇವರ ಮೇಲೂ ಆಯಿತು. ಸೊರಬದ ಡಾಕ್ಟರು ತಮ್ಮ ಕೈ ಹಿಡಿದದ್ದರ ದೂರು ಬರೆದುಕೊಟ್ಟಿರಲಿಲ್ಲ. ಬರೆದಿದ್ದರೆ ಇನ್ನಷ್ಟು ದಿನ ಒಳಗಿರಬೇಕಿತ್ತು. ಜೈಲಿನಲ್ಲಿದ್ದುದರಿಂದ ಕೂಸು ಹುಟ್ಟಿದಾಗ ಯಜಮಾನರು ಇರಲಿಲ್ಲ.

ಗುಳಿಗೆಗಳು ಒಂದಷ್ಟು ದಿನ ತಡೆದವು. ಅಂಥ ಒಂದೊಂದು ದಿನವೂ ಕೂಸಿಗೆ ತೂಕವಾಗುತ್ತದೆ ಎನ್ನುತ್ತಿದ್ದರು. ಎಂಟನೇ ತಿಂಗಳಲ್ಲಿ ಒಂದು ಬೆಳಿಗ್ಗೆ ನೀರು ಹೋಯಿತು, ಇನ್ನು ತಡೆಯಬಾರದು ಎಂದರು. ಹೆಣ್ಣು. ಸೌತೆಕಾಯಿಯಷ್ಟು ಉದ್ದ, ಬೆರಳುಗಳು ತೊಗರಿ ಕೋಡಿನ ಹಾಗೆ. ಅತ್ತಿತು, ಬೆಕ್ಕಿನ ಮರಿಯಷ್ಟು ದನಿ. ಅದನ್ನು ಗಾಜಿನ ಪೆಟ್ಟಿಗೆಗೆ ಒಯ್ದರು. ನರ್ಸು ಅಂಥದೇ ಒಂದು ಸಣ್ಣ ಬಾಟಲಿ ಒಡೆದಳು. ಮಗಳು ಗುರುತು ಹಿಡಿದಳು. ಹೆರಿಗೆ ಮಂಚದ ಮೇಲೆ ಎದ್ದು ಕೂತು ನರ್ಸಿನ ಕೈಯನ್ನು ಉಗುರು ಇಳಿಯುವಂತೆ ಹಿಡಿದಳು. ಕೆಳಗೆ ರಕ್ತ ಮಂಚದ ಅಂಚು ದಾಟಿ ಬಕೆಟ್ಟಿಗೆ ಸುರಿಯುತ್ತಿತ್ತು, ನೀರು ಸುರಿದ ಹಾಗೆ ಸದ್ದು.

"ಅಮ್ಮಾ, ಅದೇ ಅದು. ಬ್ಯಾಡ ಅನ್ನು."

ಈಗ ಅದೇ ಬೇಕು ಎಂದು ಅಲ್ಲಿಯ ಡಾಕ್ಟರು ಹೇಳಿದರು. ಕೂಸು ಹೊರಗೆ ಬಂದಾಗಿದೆ, ಈಗ ಆ ಚೀಲ ಮುಷ್ಟಿ ಹಿಡಿಯಲೇಬೇಕು, ಹಿಡಿಯದಿದ್ದರೆ ಈ ರಕ್ತ ನಿಲ್ಲುವುದಿಲ್ಲ. ಎಲ್ಲ ಬಾಣಂತಿಯರಿಗೂ ಇದನ್ನೇ ಹಾಕುವುದು ಎಂದರು. ನಾನು ಅವಳ ಬೆರಳು ಬಿಡಿಸಿದೆ. ಬೀಗತಿ ಹೇಗೆ ಬಿಡಿಸಿದ್ದರೋ ಹಾಗಲ್ಲ, ಒಂದೊಂದಕ್ಕೂ ಹೇಳಿ ಹೇಳಿ. ಸೂಜಿ ಹಾಕಿದರು. ಡಾಕ್ಟರು ಹೊಟ್ಟೆಯನ್ನು ಮೇಲಿನಿಂದ ಹಿಟ್ಟು ನಾದಿದಂತೆ ಒತ್ತಿ ಒತ್ತಿ ಹಿಂಡಿದರು, ಅವಳು ಕಿರುಚಿದಳು. ಬಕೆಟ್ಟಿನ ಸದ್ದು ನಿಂತಿತು.

ಬಾಣಂತನ ತವರಿನಲ್ಲಿ ಆಗಬೇಕು. ಮಗಳು ಒಲ್ಲೆ ಎಂದಳು. ಕಾರಣ ಯಾರೂ ಕೇಳಲಿಲ್ಲ. ನಾನೇ ಬಟ್ಟೆ ಕಟ್ಟಿಕೊಂಡು ಅಂಬ್ಲಿಗೊಳದ ಮನೆಗೆ ಹೋದೆ. ಬೀಗತಿಯೂ ನಾನೂ ಸೇರಿ ಎಣ್ಣೆ, ಬಾಣಂತಿ ಕಾಯದ ಪುಡಿ, ಕಷಾಯ ಎಲ್ಲ ನೋಡಿಕೊಂಡೆವು. ಗಾಜಿನ ಪೆಟ್ಟಿಗೆಯಿಂದ ಕೂಸು ಮನೆಗೆ ಬಂದ ಮೇಲೆ ಅದನ್ನು ಎದೆಗೆ ಕಟ್ಟಿಕೊಂಡು ಬಿಸಿ ಕೊಡುವುದೇ ನಮ್ಮಿಬ್ಬರ ಪಾಳಿಯಾಯಿತು. ಆಕೆಯ ಪಾಳಿ ಮುಗಿದರೂ ಆಕೆ ಕೊಡುತ್ತಿರಲಿಲ್ಲ, ಅದರ ಮೇಲೆ ನಮ್ಮಿಬ್ಬರಿಗೆ ದಿನಾ ಜಗಳ.

ಜಾಮೀನು ಸಿಕ್ಕಿದ ಮೇಲೆ ಯಜಮಾನರು ಒಂದು ಬೆಳಿಗ್ಗೆ ಬಸ್ಸಿಗೆ ಬಂದರು. ಹೊಲಿಗೆ ಹಾಕಿದ ಕಿವಿ ಸ್ವಲ್ಪ ಸೊಟ್ಟಗೇ ಕೂತಿತ್ತು. ಅಳಿಯ ಎದ್ದು ನಿಂತ, ಕಾಲಿಗೆ ನೀರು ಕೊಟ್ಟ. ಮಗಳು ನಡುಮನೆಯಲ್ಲಿ ಕೂತಿದ್ದಳು, ತೊಡೆಯ ಮೇಲೆ ಕೂಸು. ಅವರು ಎರಡು ಕೈ ಚಾಚಿದರು. ಅವಳು ಕೊಡಲಿಲ್ಲ. ಕೂಸನ್ನು ಚಾಪೆಯ ಮೇಲೆ ಮಲಗಿಸಿ, ತಾನು ಪಕ್ಕದಲ್ಲೇ ಕೂತಳು. ಅವರು ಚಾಪೆಯ ಹೊರಗೆ ನೆಲದ ಮೇಲೆ ಕೂತರು. ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಬಹಳ ಹೊತ್ತು ನೋಡಿದರು. ಮಧ್ಯಾಹ್ನದ ಬಸ್ಸಿಗೆ ಊರಿಗೆ ಹೋದರು.